ರಂಗಯ್ಯನವರಿಗೆ ಒಪ್ಪುವ ಇಂಗ್ಲಿಷ್ ಪದ

ಹೊಳಲ್ಕೆರೆಯ ಬಸ್ಸಿಗೆ ಕುರಿಮಂದೆ ಅಡ್ಡ ಬಂದದ್ದೇ ಎಲ್ಲಕ್ಕೂ ಮೂಲ. ಮಾವನ ಮನೆಯಲ್ಲಿ ಭಾನುವಾರ ಕಳೆದು, ಹೆಡ್ ಗುಮಾಸ್ತ ಚಿತ್ತಪ್ಪ ಹೊಸದುರ್ಗದ ಶೇಂಗಾ ಸಂಘದ ಆಫೀಸು ಮುಟ್ಟುವಾಗ ಹೊತ್ತು ಮೀರಿತ್ತು. ಮ್ಯಾನೇಜರ್ ರಂಗಯ್ಯ ಬಾಗಿಲಲ್ಲೇ ನಿಂತಿದ್ದರು.

“ಏನ್ರಿ ಚಿತ್ತಪ್ಪ, ಇದು ಆಫೀಸೋ ನಿಮ್ಮ ಮಾವನ ಮನೆಯೋ?”

“ದಾರಿಯಾಗೆ ಕುರಿ ಸಾರ್...”

“ಕುರಿಗಳಿಗೆ ಬುದ್ಧಿ ಐತೆ, ಹೊತ್ತಿಗೆ ಸರಿಯಾಗಿ ಹೊರಟವೆ. ನೀವು ಮಧ್ಯಾಹ್ನದ ತನಕ ಜಗಲಿ ಮೇಲೆ ನಿಂತ್ಕಳ್ರಿ.”

ಮೀಸೆ ನರೆತ ಚಿತ್ತಪ್ಪ ಮಗ್ಗಿ ಬಾರದ ಹುಡುಗನ ಹಾಗೆ ಬಿಸಿಲು ಬೀಳುವ ಜಗಲಿಯ ಮೇಲೆ ನಿಂತ. ಶೇಂಗಾ ಮಾರಲು ಬಂದ ರೈತರೆಲ್ಲ ನಿಂತು ನೋಡಿ ಹೋದರು. ಕಾಳಕ್ಕನೆಂಬ ಮುದುಕಿಯಂತೂ, “ಅಯ್ಯೋ ಪಾಪ, ಏನ್ ತಪ್ಪು ಮಾಡಿದ್ಯೋ ಮಗಾ” ಎಂದು ಅವನ ಅಂಗೈಗೆ ಒಂದು ಹಿಡಿ ಶೇಂಗಾ ಸುರಿದಳು. ಬಿಸಿಲಿಗಿಂತ ಆ ಶೇಂಗಾವೇ ಅವನನ್ನು ಹೆಚ್ಚು ಸುಟ್ಟಿತು.

ಟೀ ಹೊತ್ತಿಗೆ ಗೋಡೌನಿನ ಜುಂಜಣ್ಣ, ಟೈಪಿಸ್ಟ್ ಜಯಕ್ಕ ಇಬ್ಬರೂ ಜಗಲಿಗೆ ಬಂದರು.

“ಇವತ್ತು ಬೆಂಗಳೂರಿಂದ ದೊಡ್ಡ ಸಾಹೇಬ್ರು ಬರ್ತಾರೆ. ಕನ್ನಡ ಬರಲ್ವಂತೆ. ನೀವೇ ದೂರು ಹೇಳ್ರಿ ಅಣ್ಣ. ನಮ್ಮಾಗೆ ಇಂಗ್ಲಿಷ್ ಪೇಪರ್ ಓದೋರು ನೀವೊಬ್ರೇ” ಎಂದ ಜುಂಜಣ್ಣ.

ಚಿತ್ತಪ್ಪ ಇಂಗ್ಲಿಷ್ ಪೇಪರ್ ಕೊಳ್ಳುತ್ತಿದ್ದದ್ದು ನಿಜ. ಹೆಸರು ಕಾಣುವ ಹಾಗೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದದ್ದೂ ನಿಜ. ಓದುತ್ತಿದ್ದದ್ದು ಕ್ರಿಕೆಟ್ ಸ್ಕೋರು ಮಾತ್ರ. ಅದನ್ನು ಈಗ ಹೇಳುವುದು ಹೇಗೆ?

“ಮ್ಯಾನೇಜರ್ ಸ್ಟ್ರಿಕ್ಟು ಅಂದ್ರೆ ಸಾಕಲ್ವಾ?” ಎಂದ ಗಂಭೀರವಾಗಿ.

“ಅದು ಹೊಗಳಿಕೆ ಆತು. ನಮ್ಮ ಮಾವನಿಗೆ ಹಂಗಂದ್ರೆ ಮೀಸೆ ತಿರುವ್ಕೊತಾನೆ” ಎಂದಳು ಜಯಕ್ಕ.

“ಸಿವಿಯರ್?”

“ಅದು ಜ್ವರ. ಡಾಕ್ಟ್ರು ಹಂಗೇ ಅಂದಿದ್ರು.”

“ಹಾರ್ಶ್?”

“ಹಾರ್ಸ್ ಅಂತ ಕೇಳ್ಸಿದ್ರೆ? ಮ್ಯಾನೇಜರು ಕುದುರೆ ಅಂದಂಗಾಗ್ತೈತೆ!” ಎಂದು ಜುಂಜಣ್ಣ ಗಾಬರಿಯಾದ.

ಮಧ್ಯಾಹ್ನ ಬಿಡುಗಡೆಯಾದ ಕೂಡಲೇ ಚಿತ್ತಪ್ಪ ಊಟ ಬಿಟ್ಟು, ರಿಟೈರಾದ ಇಂಗ್ಲಿಷ್ ಮೇಷ್ಟ್ರು ಮೂರ್ತಪ್ಪನವರ ಮನೆಗೆ ಓಡಿದ. ಮೇಷ್ಟ್ರು ಮುದ್ದೆ ಮುರಿಯುತ್ತಲೇ ಎಲ್ಲ ಕೇಳಿದರು.

“ಡ್ರಕೋನಿಯನ್ ಅನ್ನಯ್ಯ. ಗ್ರೀಸ್ ದೇಶದಾಗೆ ಡ್ರಾಕೋ ಅಂತ ಕ್ರೂರ ಕಾನೂನು ಮಾಡಿದೋನೊಬ್ಬ ಇದ್ದ. ಕೋಸು ಕದ್ದರೂ ಮರಣದಂಡನೆ! ಈ ಪದ ಕಿವಿಗೆ ಬಿದ್ರೆ ಎಂಥ ಸಾಹೇಬನೂ ಎದ್ದು ನಿಂತ್ಕಂತಾನೆ.”

ಬಿಸಿ ಮುದ್ದೆಯನ್ನು ಬಾಯಲ್ಲಿಟ್ಟುಕೊಂಡವನ ಹಾಗೆ ಆ ಪದವನ್ನು ಆಚೀಚೆ ಹೊರಳಿಸುತ್ತ ಚಿತ್ತಪ್ಪ ವಾಪಸು ಬಂದ. ದಾರಿಯುದ್ದಕ್ಕೂ ಒಳ್ಳೆಯ ದೊಡ್ಡ ವಾಕ್ಯವೊಂದನ್ನು ಕಟ್ಟಿದ್ದ.

ಸಾಹೇಬರು ಬಂದು ಕುಳಿತರು. ಪಕ್ಕದಲ್ಲಿ ರಂಗಯ್ಯ ಕೈಕಟ್ಟಿ ನಿಂತರು.

“ಎನಿ ಕಂಪ್ಲೇಂಟ್ಸ್?”

ಜುಂಜಣ್ಣನ ಮೊಣಕೈ ಬೆನ್ನಿಗೆ ತಿವಿಯಿತು. ಚಿತ್ತಪ್ಪ ಮುಂದೆ ಬಂದ. ಬಾಯಿ ತೆರೆದದ್ದೇ ತಡ, ಕಟ್ಟಿದ್ದ ವಾಕ್ಯ ಹಗ್ಗ ಹರಿದ ಕರುವಿನಂತೆ ಓಡಿಹೋಯಿತು. ಪದಗಳು ಮಾತ್ರ ಉಳಿದವು. ಎರಡೂ ಕೈಗಳನ್ನು ಮ್ಯಾನೇಜರರತ್ತ ಚಾಚಿ ಕೂಗಿದ:

“ಸಾರ್! ಅವರ್ ಮ್ಯಾನೇಜರ್... ಸ್ಟ್ರಿಕ್ಟ್! ಸಿವಿಯರ್! ಹಾರ್ಶ್! ಡ್ರಕೋನಿಯನ್!”

ಸಾಹೇಬರು ಎದ್ದೇ ನಿಂತರು. ಅದು ಎಮರ್ಜೆನ್ಸಿಯ ಎಪ್ಪತ್ತಾರನೇ ಇಸವಿ. ಊರೂರಿನ ಗೋಡೆಗಳ ಮೇಲೂ ಶಿಸ್ತು, ಶಿಸ್ತು ಎಂದು ಬರೆದಿದ್ದ ಕಾಲ. ಇಂಥದೊಬ್ಬ ಮ್ಯಾನೇಜರನಿಗಾಗಿ ಸಾಹೇಬರು ಜಿಲ್ಲೆಯೆಲ್ಲ ಹುಡುಕಿ ಸೋತಿದ್ದರು. ರಂಗಯ್ಯನವರ ಕೈ ಹಿಡಿದು ಕುಲುಕಿ, “ವೆರಿ ಗುಡ್! ಕೀಪ್ ಇಟ್ ಅಪ್!” ಎಂದು ಹೇಳಿ ಜೀಪು ಹತ್ತಿ ಹೊರಟುಹೋದರು.

ರಂಗಯ್ಯನವರ ಕಣ್ಣು ತುಂಬಿತ್ತು.

“ಚಿತ್ತಪ್ಪ, ನಾನು ಮೂಟೆ ಹೊತ್ತು ಮೇಲೆ ಬಂದೋನು. ಇಂಗ್ಲಿಷು ಅಷ್ಟಕ್ಕಷ್ಟೆ. ಬೆಳಿಗ್ಗೆ ನಿಮ್ಮನ್ನ ಬಿಸಿಲಿಗೆ ನಿಲ್ಸಿದೆ. ನೀವು ನೋಡಿದ್ರೆ ಸಾಹೇಬ್ರ ಮುಂದೆ ಹಂಗೆ ಹೊಗಳಿದ್ರಿ! ಎಂಥ ದೊಡ್ಡ ಮನಸ್ಸು ನಿಮ್ದು!”

“ಬೆಣ್ಣೆ ಹಚ್ಚೋಕೆ ನಮ್ಮನ್ನ ಮೆಟ್ಲು ಮಾಡ್ಕಂಡ್ರಲ್ಲ ಅಣ್ಣ” ಎಂದು ಹಲ್ಲು ಕಡಿದು ಪಿಸುಗುಟ್ಟಿದ ಜುಂಜಣ್ಣ, ಜಯಕ್ಕನನ್ನೂ ಕರೆದುಕೊಂಡು ಹೊರಗೆ ಹೋದ.

“ಆ ಕೊನೇ ಪದಕ್ಕೆ ಅರ್ಥ ಏನ್ರಿ?” ರಂಗಯ್ಯ ಕೇಳಿದರು.

ಚಿತ್ತಪ್ಪ ಜುಂಜಣ್ಣ ಹೋದ ಬಾಗಿಲತ್ತ ನೋಡಿದ. “ಅದು... ಗ್ರೀಸ್ ದೇಶದಾಗೆ ಬಲು ಶಿಸ್ತಿನ ದೊಡ್ಡೋರಿಗೆ ಹೇಳೋ ಮಾತು ಸಾರ್.”

ರಂಗಯ್ಯನವರ ಎದೆ ಉಬ್ಬಿತು.

“ನಾಳೆಯಿಂದ ಆಫೀಸು ಬಿಟ್ಟ ಮೇಲೆ ದಿನಾ ನನಗೆ ಇಂಗ್ಲಿಷ್ ಹೇಳ್ಕೊಡ್ರಿ. ಒಂದಿನಾನೂ ತಪ್ಪಂಗಿಲ್ಲ. ಈಗ ಪೇಂಟರ್ ತಾವ ಹೋಗಿ ಬರ್ರಿ. ಬಾಗಿಲ ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಆ ಪದ ಬರ್ಸಿ, ದೊಡ್ಡ ಅಕ್ಷರದಾಗೆ. ಮುಂದಿನ ತಿಂಗ್ಳು ಸಾಹೇಬ್ರು ಬಂದಾಗ ಕಣ್ಣಿಗೆ ಬೀಳ್ಬೇಕು. ಸ್ಪೆಲ್ಲಿಂಗ್ ತಪ್ಪಿತೋ, ನಾನು ಸುಮ್ನಿರಾಕಿಲ್ಲ!”

ಚಿತ್ತಪ್ಪ ತಲೆಯಾಡಿಸಿ ಮೆಟ್ಟಿಲಿಳಿದ. ಸ್ಪೆಲ್ಲಿಂಗ್ ಅವನಿಗೆ ಗೊತ್ತಿರಲಿಲ್ಲ.