ಕ್ಷೇತ್ರಕಾರ್ಯದ ಸೋದರತ್ತೆ

ಮುವಂಗ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ನ್ನಾಲೊಂಗೊ ಅಮ್ಮಾ, ಶುಕ್ರವಾರ ಕಂಪಾಲಾದಿಂದ ಒಬ್ಬರು ಹಿರಿಯ ಹೆಂಗಸು ಬರ್ತಾರೆ. ನನ್ನ ನಡತೆ ಹೇಗೆ ಅಂತ ಊರವರನ್ನ ವಿಚಾರಿಸ್ತಾರೆ. ನನ್ನ ಬಾಳೆಲ್ಲ ಅವರ ಕೈಲಿದೆ. ನೀವು ಇರಬೇಕು, ನಬುಕೆನ್ಯಾ ಅಂತೂ ಇರಲೇಬೇಕು," ಎಂದು ಸೋಮವಾರ ಬೆಳಿಗ್ಗೆ ಹೇಳಿದ. ನ್ನಾಲೊಂಗೊ ಅವಳಿ ಮಕ್ಕಳ ತಾಯಿ, ಅವನಿಗೆ ಬಾಡಿಗೆಗೆ ಕೋಣೆ ಕೊಟ್ಟವಳು. ಅವಳು ಕೈಯಲ್ಲಿದ್ದ ಬಾಳೆಕಾಯಿಯನ್ನು ಹಾಗೇ ಕೆಳಗಿಟ್ಟು ಅವನನ್ನು ಒಂದು ಗಳಿಗೆ ನೋಡಿ, "ಆಗಲಿ ಮಗಾ, ಎಲ್ಲ ನನಗೆ ಬಿಡು," ಎಂದಳು.

ಅಲ್ಲೇ ಅವನ ಗ್ರಹಚಾರ ಕೆಟ್ಟದ್ದು. ಮದುವೆ ವಯಸ್ಸಿನ ಹುಡುಗನ ಪರವಾಗಿ ಹಿರಿಯ ಹೆಂಗಸೊಬ್ಬಳು ಊರಿಗೆ ಬರುತ್ತಾಳೆ, ನಡತೆ ವಿಚಾರಿಸುತ್ತಾಳೆ, ಹುಡುಗಿ ಎದುರಿಗಿರಬೇಕು ಅಂದರೆ ಬಂದವಳು ಯಾರೆಂದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಸೋದರತ್ತೆ! ಹೆಣ್ಣು ನೋಡುವುದು, ಮಾತು ಕೊಡುವುದು ಎಲ್ಲ ಅವಳದೇ ಅಧಿಕಾರ, ಹೆತ್ತವರೂ ಅವಳ ಹಿಂದೆಯೇ. ನಬುಕೆನ್ಯಾ ನ್ನಾಲೊಂಗೊಳ ಅಣ್ಣನ ಮಗಳು. ಅಂದಮೇಲೆ ಹುಡುಗಿಯ ಕಡೆಯ ಸೋದರತ್ತೆ ನ್ನಾಲೊಂಗೊಳೇ. ಅವಳು ಸಂಜೆಯೊಳಗೆ ಕಿರುಂಬ ಊರಿನ ಮನೆಮನೆಗೂ ಸುದ್ದಿ ಮುಟ್ಟಿಸಿದಳು.

ಪಾಪ, ಮುವಂಗ ಓದುತ್ತಿದ್ದದ್ದು ಸಮಾಜಕಾರ್ಯ. ಹನ್ನೆರಡು ವಾರ ಹಳ್ಳಿಯಲ್ಲಿದ್ದು ಕ್ಷೇತ್ರಕಾರ್ಯ ಮಾಡಬೇಕು, ಕೊನೆಗೆ ಕಾಲೇಜಿನ ಮಾರ್ಗದರ್ಶಕಿ ಬಂದು, ನೋಡಿ, ಸಹಿ ಹಾಕಬೇಕು. ಸಹಿ ಬಿದ್ದರೆ ಪದವಿ, ಇಲ್ಲವಾದರೆ ಮತ್ತೆ ಹನ್ನೆರಡು ವಾರ. ಅವನು ಊರ ಹುಡುಗ ಹುಡುಗಿಯರನ್ನು ಸೇರಿಸಿ ಕೆಸರು ತುಂಬಿದ್ದ ನೀರಿನ ಬುಗ್ಗೆಯನ್ನು ಶುಚಿ ಮಾಡಿಸಿದ್ದ. ಆ ಗುಂಪಿನ ಮುಂದಾಳು ನಬುಕೆನ್ಯಾ. ಅವಳನ್ನು ಅವನು ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತಿಗಿಂತ ಹೆಚ್ಚು ದಿಟ್ಟಿಸಿರಲಿಲ್ಲ. ಇಷ್ಟವಿರಲಿಲ್ಲವೆಂದಲ್ಲ. ಕೆಲಸ ಮಾಡುವ ಊರಿನಲ್ಲಿ ಪ್ರೇಮ, ಮದುವೆ ಮಾತುಕತೆ ಇಟ್ಟುಕೊಂಡವನು ನೇರವಾಗಿ ಫೇಲು ಎಂದು ಕಾಲೇಜಿನ ನಿಯಮವಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಬಾಗಿಲು ತೆರೆದರೆ ಅಂಗಳದಲ್ಲಿ ಟಾರ್ಪಾಲಿನ ಚಪ್ಪರ ಎದ್ದಿತ್ತು. ಚಾಪೆಗಳ ಮೇಲೆ ನಲವತ್ತು ಜನ. ನ್ನಾಲೊಂಗೊ ಹಬ್ಬದ ಗೊಮೆಸಿ ಉಟ್ಟು, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಓಡಾಡುತ್ತಿದ್ದಳು.

"ಇದೇನಮ್ಮ ಇದೆಲ್ಲ?"

"ನಿನ್ನ ಸೋದರತ್ತೆಯನ್ನ ಬರಿ ನೆಲದ ಮೇಲೆ ಕೂರಿಸ್ಲಾ?"

"ಸೋದರತ್ತೆ? ಅಯ್ಯೋ, ಅವರು ನನ್ನ ಮೇಡಂ ಅಮ್ಮ! ಪಾಠ ಹೇಳೋರು!"

"ಎಲ್ಲ ಗಂಡುಗಳಿಗೂ ಮೊದಲು ನಾಚಿಕೆ ಇರತ್ತೆ. ಹೋಗು, ಅಂಗಿ ಬದಲಾಯಿಸು. ಇನ್ನು ಬಾಯಿ ಬಿಡ್ಬೇಡ. ಹೆಣ್ಣು ಕೇಳೋ ದಿನ ಗಂಡು ಮಾತಾಡಿದ್ರೆ ಮನೆತನಕ್ಕೆ ಅವಮಾನ."

ಅವನು ಹಿತ್ತಲಿಗೆ ಓಡಿದ. ನಬುಕೆನ್ಯಾ ಹೊಸದಾಗಿ ಜಡೆ ಹೆಣೆಸಿಕೊಂಡು ಕೂತು ನೆಲಗಡಲೆ ಕುಟ್ಟುತ್ತಿದ್ದಳು.

"ನೀನಾದ್ರೂ ಹೇಳಬಾರದಾ?"

"ಹೇಳಿದೆ. ಹೆಣ್ಣೂ ಬಾಯಿ ಬಿಡಬಾರದಂತೆ," ಎಂದಳು ಒನಕೆ ನಿಲ್ಲಿಸದೆ. "ನೀನು ನನ್ನತ್ತೆಗೆ ಹೇಳಿದ ರೀತಿ ಕೇಳಿದ್ರೆ ನನಗೂ ಅನುಮಾನ ಬರ್ತಿತ್ತು ಬಿಡು."

ಮೇಡಂಗೆ ಮೂರು ಸಲ ಫೋನ್ ಮಾಡಿದ. ಆದರೆ ಮೇಡಂ ಡಾಕ್ಟರ್ ಪರ್ಪೆಚುವಾ ಕಾರು ಓಡಿಸುವಾಗ ಫೋನ್ ಎತ್ತುವವರಲ್ಲ. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಅವನಿಗೆ ಒಂದು ಆಸೆ ಹುಟ್ಟಿತು. ನ್ನಾಲೊಂಗೊ ನವೆಂಬರಿನ ಹೊಸ ಮಿಡತೆಗಳನ್ನು ಈರುಳ್ಳಿ ಹಾಕಿ ಗರಿಗರಿಯಾಗಿ ಹುರಿಯುತ್ತಾ ಪಕ್ಕದ ಹೆಂಗಸಿಗೆ ಹೇಳುತ್ತಿದ್ದಳು: "ಈಗಿನ ಕಾಲದಲ್ಲಿ ಸೋದರತ್ತೆಯೂ ಬಾಡಿಗೆಗೆ ಸಿಗ್ತಾಳೆ. ಹೋದ ವರ್ಷ ಪಕ್ಕದೂರಿಗೆ ಬಂದವಳು ಯಾರೋ ಅಂಗಡಿಯವಳಂತೆ! ಹುಡುಗ ಮಿಡತೆ ಕುಲದವನು, ಮಿಡತೆ ಮುಟ್ಟಲ್ಲ. ಅತ್ತೆ ನಿಜವಾದವಳಾದ್ರೆ ಅವಳೂ ಮುಟ್ಟಲ್ಲ. ತಿಂದಳೋ, ಬಣ್ಣ ಬಯಲು."

ಮುವಂಗ ಕೈ ಮುಗಿದ. ದೇವರೇ, ಮೇಡಂಗೆ ಚೆನ್ನಾಗಿ ಹಸಿವಾಗಿರಲಿ!

ಮೇಡಂ ಬಂದದ್ದು ಎರಡು ಗಂಟೆ ತಡವಾಗಿ, ಬೆಳಗಿನ ತಿಂಡಿಯೂ ಇಲ್ಲದೆ. ಹೆಂಗಸರೆಲ್ಲ ಮೊಣಕಾಲೂರಿ ಸ್ವಾಗತಿಸಿದರು. ಅವರು ಚಪ್ಪರವನ್ನೂ ಜನರನ್ನೂ ನೋಡಿ, "ಇಷ್ಟು ಜನ ಸೇರಿಸಿದ್ದೀಯಾ! ಹತ್ತು ಜನ ಬಂದರೆ ಹೆಚ್ಚು ಅಂದ್ಕೊಂಡಿದ್ದೆ," ಎಂದು ಅಲ್ಲೇ ಪುಸ್ತಕ ತೆಗೆದು ಗೀಚಿಕೊಂಡರು. ಮುವಂಗ "ಮೇಡಂ, ಒಂದು ವಿಷಯ..." ಎನ್ನುವಷ್ಟರಲ್ಲಿ ಊರ ಚೇರ್ಮನ್ ಲುಬ್ಬೇಗ ಅವನ ತೋಳು ಹಿಡಿದು ದೂರದ ಚಾಪೆಯ ಮೇಲೆ ಕೂರಿಸಿಬಿಟ್ಟ.

"ಹುಡುಗನ ಬಗ್ಗೆ ಊರು ಏನು ಹೇಳತ್ತೆ? ಮುಚ್ಚುಮರೆ ಬೇಡ," ಎಂದರು ಮೇಡಂ.

ಊರು ಮುಚ್ಚುಮರೆ ಮಾಡಲಿಲ್ಲ. ಒಬ್ಬಳೆಂದಳು, "ಕೊಟ್ಟದ್ದನ್ನ ತಿಂತಾನೆ, ಉಪ್ಪು ಕಮ್ಮಿ ಅಂತ ಒಂದು ದಿನ ಅಂದವನಲ್ಲ." ಮುದುಕನೊಬ್ಬ, "ಮೀನಖಂಡ ಗಟ್ಟಿಯಾಗಿದೆ, ಗುಡ್ಡ ಹತ್ತೋ ಕಾಲು ಅದು," ಎಂದ. "ಗೊರಕೆ ಹೊಡೆಯಲ್ಲ," ಎಂದು ನ್ನಾಲೊಂಗೊ ಸಾಕ್ಷಿ ನುಡಿದಳು, "ಗೋಡೆಯಾಚೆಗೇ ನಾನಿರೋದು." ಮೇಡಂಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೂ ಜನ ಹೀಗೆ ಒಬ್ಬ ವಿದ್ಯಾರ್ಥಿಯನ್ನು ಮನೆಯವನಂತೆ ಕಂಡದ್ದನ್ನು ಅವರು ಎಲ್ಲೂ ನೋಡಿರಲಿಲ್ಲ. ಕಣ್ಣು ಒದ್ದೆಯಾಯಿತು. ಮತ್ತೆ ಗೀಚಿಕೊಂಡರು.

ಆಗ ಬಂತು ತಟ್ಟೆ. ಇಡೀ ಚಪ್ಪರ ಉಸಿರು ಬಿಗಿಹಿಡಿಯಿತು. ಮೇಡಂ ಆಸೆಯಿಂದ ಬಗ್ಗಿದರು. ಮುವಂಗನ ಎದೆ ಹಗುರಾಯಿತು. ಅವರು ತಟ್ಟೆಯಲ್ಲಿದ್ದದ್ದನ್ನು ಕಂಡು, ಎರಡು ಬೆರಳಲ್ಲಿ ಅದನ್ನು ನಯವಾಗಿ ಆಚೆ ಸರಿಸಿದರು.

"ತಪ್ಪು ತಿಳ್ಕೋಬೇಡಿ ಅಮ್ಮ. ನಾವು ಇದನ್ನ ಮುಟ್ಟೋ ಹಾಗಿಲ್ಲ. ನಮ್ಮದು ಮಿಡತೆ ಕುಲ."

ಹೆಂಗಸರ ಉಲುಉಲು ಕೇಕೆಗೆ ಬಾಳೆತೋಟದ ಹಕ್ಕಿಗಳೆಲ್ಲ ಹಾರಿದವು. ನ್ನಾಲೊಂಗೊ ಓಡಿಬಂದು ಮೇಡಂರನ್ನು ತಬ್ಬಿಕೊಂಡಳು. ಮುವಂಗ ಮಾತ್ರ ಚಾಪೆಯ ಮೇಲೆ ಕುಸಿದುಹೋದ. ನಾಡಿನಲ್ಲಿ ಐವತ್ತಕ್ಕೂ ಹೆಚ್ಚು ಕುಲಗಳಿರುವಾಗ ಈಯಮ್ಮನಿಗೆ ಇದೇ ಆಗಬೇಕಿತ್ತೇ!

ಚೇರ್ಮನ್ ಎದ್ದು ಗಂಟಲು ಸರಿಮಾಡಿಕೊಂಡ. "ಅತ್ತೆಯವರೇ, ಪರೀಕ್ಷೆ ಮುಗೀತು. ನಮ್ಮ ಹುಡುಗಿ ಅಣಬೆ ಕುಲದವಳು, ನಿಮ್ಮ ಹುಡುಗ ಮಿಡತೆ ಕುಲದವನು, ಅಡ್ಡಿ ಇಲ್ಲ. ನಿಶ್ಚಯಕ್ಕೆ ಯಾವ ದಿನ ಬರ್ತೀರಿ?"

ಮೇಡಂ ನಿಧಾನವಾಗಿ ಮುವಂಗನ ಕಡೆ ತಿರುಗಿದರು. ಆ ನೋಟದಲ್ಲಿ ಕಾಲೇಜಿನ ನಿಯಮ ಪುಸ್ತಕದ ಅಷ್ಟೂ ಪುಟಗಳಿದ್ದವು. ಅವನು, "ಮೇಡಂ, ಹಿರಿಯರೊಬ್ಬರು ನನ್ನ ನಡತೆ ವಿಚಾರಿಸೋಕೆ ಬರ್ತಾರೆ ಅಂದೆ... ಅಷ್ಟೇ," ಎಂದು ಪಿಸುಗುಟ್ಟಿದ.

ಮೂವತ್ತು ವರ್ಷ ಊರೂರು ಸುತ್ತಿದ ಹೆಂಗಸು. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿಯಿತು. ಜಡೆ ಹೆಣೆಸಿಕೊಂಡು ತಲೆ ತಗ್ಗಿಸಿ ಕೂತ ನಬುಕೆನ್ಯಾಳನ್ನು ಕಂಡರು. ನಲವತ್ತು ಜನರ ಮುಂದೆ 'ನಾನು ಅದಕ್ಕೆ ಬಂದವಳಲ್ಲ' ಎಂದರೆ ನಾಳೆಯಿಂದ ಈ ಹುಡುಗಿ ಬುಗ್ಗೆಗೆ ಹೋಗುವುದು ಹೇಗೆ? ಅವರು ಎದ್ದು ನಿಂತರು.

"ನಮ್ಮ ಹುಡುಗನ್ನ ಇಷ್ಟು ಮೆಚ್ಚಿದ್ದೀರಿ, ಸಂತೋಷ. ಆದರೆ ಓದು ಮುಗಿಯದವನಿಗೆ ಹೆಣ್ಣು ಕೇಳೋದು ನಮ್ಮ ಮನೆತನಕ್ಕೆ ಶೋಭೆಯಲ್ಲ. ಅವನು ಪಾಸಾಗಲಿ. ಪಾಸಾದ ವಾರದಲ್ಲಿ ಸೋದರತ್ತೆಯಾಗಿ ನಾನೇ ಬರ್ತೀನಿ. ಇದು ನನ್ನ ಮಾತು."

ಚಪ್ಪರ ತಲೆದೂಗಿತು. ಎಷ್ಟು ತೂಕದ ಮಾತು ಎಂದು ಚೇರ್ಮನ್ ಅದನ್ನು ಊರ ಪುಸ್ತಕದಲ್ಲಿ ಬರೆದು ಸೀಲು ಒತ್ತಿದ. ಮುವಂಗನಿಗೆ ಮೇಡಂ ಕಾಲಿಗೆ ಬೀಳಬೇಕೆನಿಸಿತು.

ಕಾರಿನ ಹತ್ತಿರ ಬಂದಾಗ ಬಿದ್ದೂಬಿಟ್ಟ. "ಬದುಕಿಸಿದ್ರಿ ಮೇಡಂ!"

"ಏಳೋ. ಎಲ್ಲದರಲ್ಲೂ ಪೂರ್ತಿ ಅಂಕ ಹಾಕಿದ್ದೀನಿ," ಎನ್ನುತ್ತಾ ಅವರು ಫಾರಮ್ಮಿನ ಕೊನೆಯ ಪುಟ ತೆರೆದರು. ಪೆನ್ನು ಸಹಿಯ ಜಾಗಕ್ಕೆ ಬಂದು ನಿಂತಿತು. ಅವರು ಗಟ್ಟಿಯಾಗಿ ಓದಿದರು: "'ಈ ವಿದ್ಯಾರ್ಥಿ ನನ್ನ ಬಂಧುವಲ್ಲ, ನನ್ನ ಕುಲದವನಲ್ಲ ಎಂದು ಪ್ರಮಾಣೀಕರಿಸುತ್ತೇನೆ.'"

"ಮೇಡಂ, ಸೋದರತ್ತೆ ಅಂದದ್ದು ಸುಮ್ನೆ ನನ್ನನ್ನ ಉಳಿಸೋಕಲ್ವಾ?"

"ಮಿಡತೆ ಬಿಟ್ಟದ್ದು ಸುಮ್ನೆ ಅಲ್ವಲ್ಲಪ್ಪ. ನಿನ್ನಜ್ಜನ ಹೆಸರೇನು?"

ಅವನು ಹೇಳಿದ. ಅವರು ಕನ್ನಡಕ ತೆಗೆದರು. "ಅಯ್ಯೋ, ಅವರು ನನ್ನ ದೊಡ್ಡಪ್ಪ! ನಿಮ್ಮಪ್ಪ ನನಗೆ ಅಣ್ಣ ಆಗ್ತಾನೆ ಕಣೋ!" ಎಂದು ಅವನ ಕೆನ್ನೆ ಸವರಿ, ಪೆನ್ನಿಗೆ ಮುಚ್ಚಳ ಹಾಕಿದರು. "ಒಂದು ಗಂಟೆ ಮುಂಚೆ ಆಗಿದ್ರೆ ಸಹಿ ಹಾಕಿಬಿಡ್ತಿದ್ದೆ. ಈಗ ಗೊತ್ತಿದ್ದೂ ಹಾಕೋದು ಹೇಗೆ? ಇಲ್ಲೇ ಮತ್ತೆ ಹನ್ನೆರಡು ವಾರ ಮಾಡು, ಬೇರೆಯವರು ಬಂದು ನೋಡ್ತಾರೆ."

"ಮೇಡಂ!"

"ಅತ್ತೆ ಅನ್ನು. ಹುಡುಗಿ ಲಕ್ಷಣವಾಗಿದ್ದಾಳೆ, ನಾನು ಕೊಟ್ಟ ಮಾತು ಕೊಟ್ಟದ್ದೇ. ಆದರೆ ನಿಯಮ ನಿಯಮವೇ. ಈ ಹನ್ನೆರಡು ವಾರ ಅವಳ ಹತ್ತಿರ ಬುಗ್ಗೆ ವಿಷಯ ಬಿಟ್ಟು ಒಂದು ಮಾತಾಡಿದೆ ಅಂತ ಗೊತ್ತಾದ್ರೆ ನಾನೇ ಫೇಲ್ ಮಾಡಿಸ್ತೀನಿ."

ಕಾರು ಹೋಯಿತು. ಮುವಂಗ ಕಾಲೆಳೆದುಕೊಂಡು ಅಂಗಳಕ್ಕೆ ಬಂದ. ಜನ ಚದುರಿದ್ದರು. ನಬುಕೆನ್ಯಾ ಒಬ್ಬಳೇ ಚಪ್ಪರದ ಕೆಳಗೆ ಗುಡಿಸುತ್ತಿದ್ದಳು. ಅವನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮತ್ತೆ ಹೇಳಿದ್ರು, ನಮ್ಮತ್ತೆ ಹೇಳಿದ್ರು, ಚೇರ್ಮನ್ ಸೀಲೂ ಹೊಡೆದ. ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ," ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ನೀನು ಕೇಳ್ತೀಯಾ? ಕೇಳೋದಿದ್ರೆ ಈಗಲೇ ಕೇಳು."

ಇಂಥ ಗಳಿಗೆಗಾಗಿ ಅವನು ಹನ್ನೆರಡು ವಾರದಿಂದ ಕಾದಿದ್ದ. ಈ ಸಲ ಮೂರಕ್ಕೆ ನಿಲ್ಲದೆ ಏಳರವರೆಗೆ ಅವಳನ್ನು ದಿಟ್ಟಿಸಿದ. ಬಾಯಿ ತೆರೆದ. ಬೇಲಿಯಾಚೆ ಚೇರ್ಮನ್ ಇನ್ನೂ ಪುಸ್ತಕ ಹಿಡಿದು ನಿಂತಿದ್ದ.

"ಬುಗ್ಗೆಯಲ್ಲಿ ನೀರು ಹೇಗೆ ಬರ್ತಿದೆ?" ಎಂದ.

ನಬುಕೆನ್ಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೊರಕೆಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.