ಮಾವನ ಕ್ಯಾಮೆರಾ, ಅತ್ತೆಯ ಆಯಸ್ಸು

ನಮ್ಮ ಸೋದರಮಾವನಷ್ಟು ದೇಶ ಸುತ್ತಿದವರು ಇಡೀ ಅರಸೀಕೆರೆಯಲ್ಲೇ ಇಲ್ಲ. ಆದರೆ ಅವರು ಕುರ್ಚಿ ಬಿಟ್ಟು ಎದ್ದದ್ದನ್ನು ಮಾತ್ರ ಯಾರೂ ನೋಡಿಲ್ಲ! ರೈಲ್ವೆ ಗುಮಾಸ್ತಿಕೆ ಮುಗಿದ ಮೇಲೆ ಒಂದು ಕ್ಯಾಮೆರಾ ಕೊಂಡರು. ಹೊಸಬರಿಗೆಂದೇ ಏರ್ಪಡಿಸುವ ಫೋಟೋಗ್ರಫಿ ಪ್ರವಾಸಗಳ ಜಾಹೀರಾತನ್ನು ಫೋನಿನಲ್ಲಿ ನೋಡಿ ನೋಡಿಯೇ ಅರ್ಧ ಜಗತ್ತು ಮುಗಿಸಿದರು.

"ಲಡಾಖಿಗೆ ಹೋಗಿ ಮಾವ," ಎಂದೆ.

"ಫೋಟೋ ತೆಗೆಯೋವಾಗ ಉಸಿರು ಬಿಗಿ ಹಿಡೀಬೇಕಂತೆ. ಅಲ್ಲಿ ಉಸಿರೇ ಸಿಗಲ್ವಂತೆ. ಹಿಡಿಯೋದು ಏನನ್ನೋ?"

"ಹಾಗಾದ್ರೆ ಕಬಿನಿ?"

"ಹುಲಿ ಎದುರಿಗೆ ಬಂದ್ರೆ ಕೈ ಕ್ಯಾಮೆರಾ ಹಿಡಿಯುತ್ತಾ, ಪಂಚೆ ಹಿಡಿಯುತ್ತಾ?"

ರಾಜಸ್ಥಾನವೂ ಬಿದ್ದುಹೋಯಿತು. ಒಂಟೆಯ ಮುಖ ಅವರ ಹಳೆಯ ಹೆಡ್ ಕ್ಲರ್ಕಿನ ಹಾಗೇ ಇರುತ್ತದಂತೆ. ಸರ್ವಿಸ್ ಪೂರ್ತಿ ನೋಡಿದ್ದೇ ಸಾಕಂತೆ!

ನಿಜವಾದ ತೊಡಕು ಬೇರೆಯೇ ಇತ್ತು. ಮಾವನಿಗೆ ಬೇಕಾದದ್ದು ಹುಲಿಯೂ ಅಲ್ಲ, ಹಿಮವೂ ಅಲ್ಲ. ಅತ್ತೆಯ ಒಂದು ಒಳ್ಳೆಯ ಫೋಟೋ. ಜಾವಗಲ್ ತವರಿನ ನಮ್ಮತ್ತೆಯೋ, ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ಅವರಜ್ಜಿ ಹೇಳಿದ್ದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದವರು. ಮದುವೆ ಆಲ್ಬಮಿನಲ್ಲೂ ಕಾಣುವುದು ಬಗ್ಗಿಸಿದ ತಲೆ ಮತ್ತು ಮೊಗ್ಗಿನ ಜಡೆ ಅಷ್ಟೇ. ಆಧಾರ್ ಕಾರ್ಡಿಗೆ ಮಾತ್ರ ವಿಧಿಯಿಲ್ಲದೆ ಕೂತರು. ಅದರಲ್ಲಿರುವುದು ತಾನಲ್ಲವೇ ಅಲ್ಲ ಎಂದು ಈಗಲೂ ವಾದಿಸುತ್ತಾರೆ. ಕಾರ್ಡು ನೋಡಿದವರೂ ಒಪ್ಪುತ್ತಾರೆ!

"ಹಲ್ಲು ತೆಗೆದ್ರೆ ಹಲ್ಲು ಹೋಗುತ್ತೆ. ಪ್ರಾಣ ತೆಗೆದ್ರೆ ಪ್ರಾಣ ಹೋಗುತ್ತೆ. ಫೋಟೋ ತೆಗೆದ್ರೆ ಮಾತ್ರ ಏನೂ ಹೋಗಲ್ವೇನ್ರೀ?" ಎನ್ನುತ್ತಾರೆ ಅತ್ತೆ. ಈ ವ್ಯಾಕರಣಕ್ಕೆ ಯಾವ ಪಂಡಿತ ತಾನೇ ಉತ್ತರ ಕೊಟ್ಟಾನು?

ಕೊನೆಗೊಂದು ದಿನ ಮಾವ ತೀರ್ಪು ಕೊಟ್ಟರು. "ಕಲಿಯೋನಿಗೆ ಅಲುಗಾಡದವರು ಬೇಕು ಕಣೋ. ಬೇಲೂರು, ಹಳೇಬೀಡಿಗೆ ಹೋಗೋಣ." ದೇವರ ದರ್ಶನ ಎಂದು ಅತ್ತೆಯೂ ಹೊರಟರು. ದರ್ಶನವಾದ ಮೇಲೆ ಮನಸ್ಸು ಕರಗೀತು ಎಂಬುದು ಮಾವನ ಲೆಕ್ಕಾಚಾರ.

ಬೇಲೂರಿನಲ್ಲಿ ಮಾವ ಕತ್ತೆತ್ತಿ, ಕನ್ನಡಿ ಹಿಡಿದ ಮದನಿಕೆಗೆ, "ಸ್ವಲ್ಪ ಈ ಕಡೆ ತಿರುಗಮ್ಮಾ," ಎಂದು ಗೋಗರೆದರು.

"ನನ್ನ ಹತ್ರ ಒಂದು ದಿನವೂ ಇಷ್ಟು ನಯವಾಗಿ ಮಾತಾಡಿಲ್ಲ ನೋಡೋ!" ಎಂದರು ಅತ್ತೆ.

ಆಮೇಲೆ ಫೋಟೋ ನೋಡಿದರೆ, ಕ್ಯಾಮೆರಾ ನೇತುಹಾಕುವ ಪಟ್ಟಿ ಎಲ್ಲದರಲ್ಲೂ ಅಡ್ಡ ಜೋತುಬಿದ್ದಿದೆ. ಬೇಲೂರಿನ ಅಷ್ಟೂ ಸುಂದರಿಯರಿಗೆ ಮಾವ ಟೈ ಕಟ್ಟಿಬಿಟ್ಟಿದ್ದರು.

ಹಳೇಬೀಡಿನಲ್ಲಿ ಬೇಟೆ ಶುರುವಾಯಿತು. ಮಾವ ಕ್ಯಾಮೆರಾ ಎತ್ತಿದರೆ ಅತ್ತೆ ಸೆರಗೆಳೆದುಕೊಂಡು ಆ ದೊಡ್ಡ ನಂದಿಯ ಹಿಂದೆ. ಮಾವ ಈ ಕಡೆಯಿಂದ ಹೋದರೆ ಅತ್ತೆ ಆ ಕಡೆಯಿಂದ. ನಂದಿಗೆ ಅಷ್ಟು ಪ್ರದಕ್ಷಿಣೆ ಯಾವ ಭಕ್ತರೂ ಹಾಕಿರಲಾರರು! ಕೊನೆಗೆ ಮಾವ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕೂತರು.

"ಬೇಡ ಬಿಡೇ. ನಿನ್ನ ಆಯಸ್ಸಲ್ಲಿ ಒಂದು ದಿನ ಹೋದ್ರೂ ನಷ್ಟ ನನಗೇ ತಾನೆ?" ಎಂದು ಕ್ಯಾಮೆರಾ ನನ್ನ ಕೈಗಿಟ್ಟರು. "ಬಂದಿದ್ದಕ್ಕೆ ನನ್ನದೇ ಒಂದು ತೆಗಿಯೋ."

ನಾನು ಕ್ಯಾಮೆರಾ ಕಣ್ಣಿಗಿಟ್ಟೆ.

"ಏ, ತಡಿಯೋ!"

ಅತ್ತೆ ನಂದಿಯ ಹಿಂದಿನಿಂದ ಓಡಿಬಂದರು. ಸೆರಗು ಜಾರಿದ್ದೂ ಅವರಿಗೆ ಗೊತ್ತಾಗಲಿಲ್ಲ. ನೇರವಾಗಿ ಬಂದು ಮಾವನ ಪಕ್ಕದಲ್ಲಿ ಕೂತು, ಅವರ ಕಾಲರು ಸರಿಮಾಡಿದರು.

"ಇವರೊಬ್ಬರದೇ ತೆಗೀಬೇಡ ಕಣೋ. ಇಬ್ಬರದ್ದೂ ಒಟ್ಟಿಗೆ ತೆಗಿ. ಕಡಿಮೆ ಆಗೋದು ಇಬ್ಬರಿಗೂ ಸಮವಾಗಿ ಆಗ್ಲಿ. ಇವರು ಮುಂದೆ ಹೋಗಿ, ನಾನು ಹಿಂದೆ ಉಳಿದು... ಅದೆಲ್ಲ ಬೇಡಪ್ಪ."

ಮಾವ ಅತ್ತೆಯ ಕೈ ಹಿಡಿದುಕೊಂಡರು. ನನಗೆ ಕಣ್ಣು ತುಂಬಿಬಂದು, ಮಾವ ಯಾರು ಅತ್ತೆ ಯಾರು ಎಂದು ಕಾಣದೆಯೇ ಫೋಟೋ ತೆಗೆದೆ.