ಪಕ್ಕದ ತಟ್ಟೆಯ ಚಿಗವ್ವ

ನಮ್ಮ ಚಿಗವ್ವ ಜನ್ಮದಲ್ಲಿ ಯಾರ ಎಂಜಲನ್ನೂ ತಿಂದವಳಲ್ಲ. ಆದರೆ ಪಕ್ಕದವರ ತಟ್ಟೆಯಲ್ಲಿ ಇಣುಕಿ ನೋಡದೆ ಹೋಟೆಲಿನಲ್ಲಿ ಒಂದು ತುತ್ತನ್ನೂ ತಿಂದವಳಲ್ಲ. ಮೆನು ಕಾರ್ಡು ಕೊಟ್ಟರೆ ಅದರಿಂದ ಗಾಳಿ ಹಾಕಿಕೊಳ್ಳುತ್ತಾಳೆ. "ಇದರಾಗ ಬರೇ ಹೆಸರು ಬರದಾರವ್ವ, ರುಚಿ ಎಲ್ಲಿ ಬರದಾರ?" ಎಂದು ನನ್ನನ್ನೇ ಕೇಳುತ್ತಾಳೆ. ನಿಮಗೆ ಉತ್ತರ ಗೊತ್ತಿದ್ದರೆ ಹೇಳಿ, ನನಗಂತೂ ಗೊತ್ತಿಲ್ಲ.

ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಸುರಪುರದಲ್ಲಿ ಅವಳದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಲೇಸು, ಲೈನಿಂಗು, ಗುಂಡಿ ತರಲು ಆಗಾಗ ಹೈದರಾಬಾದಿಗೆ ಹೋಗುತ್ತಾಳೆ. ನಾನು ಯಾದಗಿರಿಯಲ್ಲಿ ಶಾಲಾ ಶಿಕ್ಷಕಿ. ರಜೆ ಇದ್ದರೆ ಸ್ಟೇಷನ್ನಿನಲ್ಲಿ ಅವಳನ್ನು ಕೂಡಿಕೊಳ್ಳುತ್ತೇನೆ. ಚೀಲ ಹೊರುವುದು ನನ್ನ ಪಾಲಿನ ಕೆಲಸ. ಖರೀದಿ ಬೇಗನೆ ಮುಗಿಯುತ್ತದೆ. ಮಿಕ್ಕ ದಿನವೆಲ್ಲ ತಿನ್ನುವುದಕ್ಕೆ ಮೀಸಲು. ತಿನ್ನುವ ಮೊದಲು ಊರಿನವರನ್ನೆಲ್ಲ ವಿಚಾರಣೆ ಮಾಡುವುದಕ್ಕೂ.

ಕಳೆದ ದಸರಾ ರಜೆಯಲ್ಲಿ ಹೋದಾಗ ವಿಚಾರಣೆ ಒಂದು ಟಿಫಿನ್ ಬಂಡಿಯ ಮುಂದೆಯೇ ಶುರುವಾಯಿತು. ಇಸ್ತ್ರಿ ಅಂಗಿಯ ಗೃಹಸ್ಥರೊಬ್ಬರು ನಿಂತುಕೊಂಡು ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ತಿನ್ನುತ್ತಿದ್ದರು. ಚಿಗವ್ವ ಅವರ ಮುಂದೆ ಹೋಗಿ ನಿಂತಳು.

"ಹೆಂಗೈತ್ರಿ?"

ಗೃಹಸ್ಥರು ಎಲ್ಲೋ ನೋಡುತ್ತ, "ಬಾಗೋಲೇದು. ಅಸಲು ಬಾಗೋಲೇದು" ಎಂದರು.

ಚೆನ್ನಾಗಿಲ್ಲ ಅನ್ನುವಷ್ಟು ತೆಲುಗು ಚಿಗವ್ವನಿಗೆ ಬರುತ್ತದೆ. ಅವಳು ಹಿಂದೆ ನಿಂತಿದ್ದ ಸಾಲಿನ ಕಡೆ ತಿರುಗಿ, "ಚೊಲೊ ಇಲ್ಲಂತ್ರಿ. ತಿಂದವರೇ ಹೇಳಾಕತ್ತಾರ" ಎಂದು ಸಾರಿಬಿಟ್ಟಳು. ಸಾಲಿನಿಂದ ಕೆಲವರು ಸರಿದುಹೋದರು. ಬಂಡಿಯವನು ಸೌಟು ಹಿಡಿದುಕೊಂಡೇ ಈಚೆ ಬಂದ. ಗೃಹಸ್ಥರು ಗಾಬರಿಯಾಗಿ ಕಿವಿಯೊಳಗಿನ ಇಯರ್‌ಫೋನ್ ಕಿತ್ತರು. ಪಾಪ, ಅವರು ಫೋನಿನಲ್ಲಿ ಹೆಂಡತಿಯ ಜೊತೆ ಅತ್ತೆಯ ಮೊಣಕಾಲಿನ ವಿಷಯ ಮಾತಾಡುತ್ತಿದ್ದರು!

ಮಾನ ಉಳಿಸಿಕೊಳ್ಳಲು ಬಂಡಿಯವನು ಕಾದ ಕಾವಲಿಯಿಂದ ಚಿಗವ್ವನ ತಟ್ಟೆಗೇ ಒಂದು ಪೆಸರಟ್ಟು ಹಾಕಿದ. ಚಿಗವ್ವ ಕಣ್ಣು ಮುಚ್ಚಿ ಅಗಿದಳು.

"ಮೊದಲ ಹಸಿಶುಂಠಿ ಬರತೈತಿ. ಆಮ್ಯಾಲ ಹೆಸರುಕಾಳಿನ ಸಿಹಿ. ಕಡೀಕ ಮೆಣಸಿನಕಾಯಿ ಬಂದು ಬಾಗಿಲಾ ಹಾಕತೈತಿ" ಎಂದು ತೀರ್ಪು ಕೊಟ್ಟಳು. ಸರಿದವರು ಮತ್ತೆ ಸಾಲಿಗೆ ಬಂದರು. ಚಿಗವ್ವ ಗೃಹಸ್ಥರಿಗೆ, "ಮೊಣಕಾಲಿಗೆ ಔಡಲೆಣ್ಣಿ ಕಾಸಿ ಹಚ್ಚಂತ ಹೇಳ್ರಿ" ಎಂದಳು. ಅವರು ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಗೆಯೇ ಹೇಳಿದರು.

ಲೇಸು ಕೊಂಡಾದ ಮೇಲೆ ಪಂಜಾಬಿ ಸರದಾರರೊಬ್ಬರ ಢಾಬಾಕ್ಕೆ ಹೋದೆವು. ಅಲ್ಲಿ ಒಬ್ಬ ಕಾಲೇಜು ಹುಡುಗಿಯ ತಟ್ಟೆಯಲ್ಲಿ ಭಟೂರ ಬಲೂನಿನಂತೆ ಊದಿಕೊಂಡು ಕೂತಿತ್ತು. ಚಿಗವ್ವ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಸರದಾರರನ್ನು ತನ್ನದೇ ಹಿಂದಿಯಲ್ಲಿ ವಿಚಾರಿಸಿದಳು.

"ಭಾಯ್‌ಸಾಬ್, ಇಸ್‌ಕೇ ಒಳಗೆ ಕ್ಯಾ ಹೈ?"

"ಹವಾ ಹೈ, ಮಾಜೀ."

ಚಿಗವ್ವ ನನ್ನ ಕಡೆ ತಿರುಗಿದಳು. "ಹವಾ ತಿನ್ನಾಕ ಹೈದರಾಬಾದ್‌ತನಕ ಬರಬೇಕೇನು? ನಮ್ಮ ಸುರಪುರದ ಗುಡ್ಡದ ಮ್ಯಾಲ ಬೇಕಾದಷ್ಟೈತಿ."

ಇಷ್ಟು ಅಂದವಳು ಎರಡು ಭಟೂರ ತಿಂದಳು. ಹವಾ ಚೆನ್ನಾಗಿತ್ತೆಂದು ಕಾಣುತ್ತದೆ.

ಅಲ್ಲಿಂದ ಮುಂದೆ ಈಶಾನ್ಯದ ಕಡೆಯ ಒಬ್ಬ ಹೆಣ್ಣುಮಗಳ ಮೋಮೋ ಗಾಡಿ ಸಿಕ್ಕಿತು. ಚಿಗವ್ವ ಜೀವಮಾನದಲ್ಲಿ ಮೋಮೋ ನೋಡಿದವಳಲ್ಲ. ಹಬೆಯಾಡುವ ಪಾತ್ರೆಯೊಳಗೆ ಬಗ್ಗಿ ನೋಡಿ, "ಕಡುಬಿಗೆ ಇಷ್ಟು ಚಂದ ನಿರಿಗಿ ಹಿಡಿಯೋದು ಯಾರ ಹತ್ರ ಕಲ್ತಿಯವ್ವ?" ಎಂದಳು. ಕನ್ನಡದಲ್ಲಿ. ಆ ಹೆಣ್ಣುಮಗಳು, "ಮಮ್ಮೀ ಸೇ, ಆಂಟಿ" ಎಂದು ಹಿಂದಿಯಲ್ಲಿ ಉತ್ತರ ಕೊಟ್ಟಳು. ಅವಳಿಗೆ ಹೇಗೆ ಅರ್ಥವಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಅಷ್ಟಕ್ಕೆ ಬಿಟ್ಟಳೇ? ಕೈ ತೊಳೆದುಕೊಂಡು, ಬ್ಲೌಸಿನ ತೋಳಿಗೆ ನಿರಿಗೆ ಹಿಡಿಯುವ ಹಾಗೆ ತಾನೂ ಒಂದು ಮೋಮೋ ಮಡಿಚಿ ಕೊಟ್ಟಳು. ಗಾಡಿಯ ಮುಂದೆ ನಿಂತಿದ್ದ ಒಬ್ಬಾತ ಅದೇ ಬೇಕೆಂದು ಹಟ ಹಿಡಿದ.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಚಿಗವ್ವ ನನ್ನನ್ನು ಒಂದು ಹಳೆಯ ಇರಾನಿ ಹೋಟೆಲು ಹುಡುಕಲು ಕರೆದುಕೊಂಡು ಹೊರಟಳು. ಮದುವೆಯಾದ ಹೊಸದರಲ್ಲಿ ಅವಳ ಗಂಡ, ಅಂದರೆ ನಮ್ಮ ಕಾಕಾ, ಈ ಊರಿನ ಲಾರಿ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದರು. ಸಂಜೆ ಇಬ್ಬರೂ ಆ ಹೋಟೆಲಿನ ಕಿಟಕಿಯ ಬದಿ ಕೂತು ಚಹಾ ಕುಡಿಯುತ್ತಿದ್ದರಂತೆ.

ಓಣಿ ಸಿಕ್ಕಿತು, ಕಟ್ಟಡ ಸಿಕ್ಕಿತು, ಹೋಟೆಲು ಸಿಗಲಿಲ್ಲ. ಅಲ್ಲೊಂದು ಮೊಬೈಲ್ ಅಂಗಡಿ ಇತ್ತು. ಚಿಗವ್ವ ಸೀದಾ ಒಳಗೆ ಹೋಗಿ ಕಿಟಕಿಯ ಬದಿಯ ಸ್ಟೂಲಿನ ಮೇಲೆ ಕೂತಳು. ಅಂಗಡಿಯವರು ಯಾವ ಮಾಡೆಲ್ ತೋರಿಸಲಿ ಎಂದು ಕೇಳಿದರು.

"ಚಾ ಐತೇನ್ರಿ?" ಎಂದಳು ಚಿಗವ್ವ.

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಏನನ್ನಿಸಿತೋ, ಮೂಲೆಯಲ್ಲಿದ್ದ ಮಿಷಿನ್ನಿನಿಂದ ಒಂದು ಕಾಗದದ ಕಪ್ಪಿನಲ್ಲಿ ಚಹಾ ತಂದುಕೊಟ್ಟರು. ಹೆಸರಿಗೆ ಚಹಾ, ಬರೀ ಬಿಸಿನೀರು. ಚಿಗವ್ವ ಫೋನಿನ ಕವರುಗಳ ಸಂದಿಯಿಂದ ರಸ್ತೆ ನೋಡುತ್ತ ಅದನ್ನು ಪೂರ್ತಿ ಕುಡಿದಳು. ಅಂದು ಅವಳು ತೀರ್ಪು ಕೊಡದೆ ಕುಡಿದದ್ದು ಅದೊಂದೇ.

ಯಾವಾಗಲೂ ನಾನು ಯಾದಗಿರಿಯಲ್ಲೇ ಉಳಿದುಬಿಡುತ್ತೇನೆ. ಈ ಸಲ ಚೀಲ ಭಾರವಾಗಿದ್ದವೆಂದು ರಾತ್ರಿ ಅವಳನ್ನೂ ನನ್ನ ಕೋಣೆಯಲ್ಲಿ ಉಳಿಸಿಕೊಂಡು, ಬೆಳಿಗ್ಗೆ ಬಸ್ಸಿನಲ್ಲಿ ಸುರಪುರಕ್ಕೆ ಜೊತೆಗೆ ಹೋದೆ.

ಅನ್ನನಾಳದ ಆಪರೇಷನ್ ಆದಾಗಿನಿಂದ ಕಾಕಾನಿಗೆ ತೆಳುಗಂಜಿ ಬಿಟ್ಟರೆ ಬೇರೇನೂ ಇಲ್ಲ. ಉಪ್ಪು ಕಮ್ಮಿ, ಖಾರ ಇಲ್ಲ, ಚಹಾ ಕೂಡದು. ಇದೆಲ್ಲ ನನಗೆ ಗೊತ್ತಿತ್ತು. ಚಿಗವ್ವ ಕೈಕಾಲು ತೊಳೆದುಕೊಂಡು ಗಂಜಿಯ ಬಟ್ಟಲು ಹಿಡಿದು ಮಂಚದ ಬದಿ ಕೂತ ಮೇಲೆ ನಡೆದದ್ದು ಗೊತ್ತಿರಲಿಲ್ಲ.

"ಏನೇನ್ ತಿಂದಿ?" ಎಂದರು ಕಾಕಾ.

ಚಿಗವ್ವ ಒಂದು ಚಮಚ ಗಂಜಿ ಕೊಟ್ಟು, "ಪೆಸರಟ್ಟು. ಮೊದಲ ಹಸಿಶುಂಠಿ ಬರತೈತ್ರಿ" ಎಂದು ಶುರುಮಾಡಿದಳು. ಕಾಕಾ ಕಣ್ಣು ಮುಚ್ಚಿಕೊಂಡರು. ಒಂದೊಂದು ಚಮಚಕ್ಕೆ ಒಂದೊಂದು ರುಚಿ. ಭಟೂರ ಬಂದಾಗ ಕಾಕಾ ನಕ್ಕರು, ಗಂಜಿ ಗಲ್ಲಕ್ಕೆ ಇಳಿಯಿತು, ಅವಳು ಸೆರಗಿನಿಂದ ಒರೆಸಿದಳು.

"ನಮ್ಮ ಹೋಟೆಲ್ ಐತೇನು?"

ನಾನು ಬಾಯಿ ತೆರೆದೆ. ಚಿಗವ್ವ ನನ್ನ ಕಾಲು ತುಳಿದಳು.

"ಐತ್ರಿ. ಅಲ್ಲೇ ಕುಂತು ಚಾ ಕುಡದು ಬಂದೀನಿ."

"ಕಿಟಕಿ ಬಾಜೂಕ?"

"ಕಿಟಕಿ ಬಾಜೂಕನ. ಮ್ಯಾಲ ದಪ್ಪ ಕೆನಿ. ತುಟೀಗೆ ಹತ್ತಕೊಂಡು ಬಿಡವಲ್ಲದು. ಮೊದಲ ಒಗರು ಬರತೈತಿ, ಹಿಂದ ಹಾಲಿನ ಸಿಹಿ. ಬಿಸ್ಕೀಟು ಅದ್ದಿದರ ನಾಲಿಗಿ ಮ್ಯಾಲ ಉಪ್ಪುಪ್ಪು ಆಗಿ ಕರಗತೈತಿ..."

ಬಟ್ಟಲು ಖಾಲಿಯಾಗಿತ್ತು. ಕಾಕಾ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ ಚಾ ಹೇಳು" ಎಂದರು.

ಚಿಗವ್ವ ಹೇಳತೊಡಗಿದಳು.